ಎಂಬಿಬಿಎಸ್ ಆರಂಭದ ವರ್ಷಗಳ ವಾರ್ಡಿನ ಅನುಭವಕ್ಕೆ ರೆಸಿಡೆನ್ಸಿ ಅರ್ಜಿಯಲ್ಲಿ ಎಷ್ಟು ತೂಕ?

ಹುಬ್ಬಳ್ಳಿ-ಧಾರವಾಡದ ಕಡೆ ಮಗನಿಗೋ ಮಗಳಿಗೋ ಮೆಡಿಕಲ್ ಸೀಟು ಸಿಕ್ಕ ವರ್ಷವೇ ಮನೆಯವರು ಕೇಳಲು ಶುರು ಮಾಡುತ್ತಾರೆ: "ಮುಂದ ಅಮೆರಿಕಾಕ್ಕ ಹೋಗಬೇಕಂದ್ರ ಈಗಿಂದನ ಏನ್ ಮಾಡಬೇಕ್ರೀ?" ಅವರಿಗೆ ಸಿಗುವ ಉತ್ತರ ಹೆಚ್ಚಾಗಿ ಎರಡರಲ್ಲಿ ಒಂದು. "ಸ್ಕೋರ್ ಒಂದಿದ್ರ ಸಾಕು" ಎನ್ನುವವರು ಕೆಲವರು. "ಕ್ಯಾಂಪು, ಅಬ್ಸರ್ವರ್‌ಶಿಪ್ಪು, ಸರ್ಟಿಫಿಕೇಟು ಎಷ್ಟ್ ಆಗ್ತಾವೋ ಅಷ್ಟ್ ಕೂಡಸು" ಎನ್ನುವವರು ಉಳಿದವರು. ಎರಡನ್ನೂ ನಂಬಿ ಕೂತರೆ ಕೆಲಸ ಕೆಡುತ್ತದೆ. ಮೊದಲ ಎರಡು-ಮೂರು ವರ್ಷಗಳಲ್ಲಿ ರೋಗಿಗಳ ನಡುವೆ ಕಳೆದ ಸಮಯ ರೆಸಿಡೆನ್ಸಿಯ, ಅಂದರೆ ಎಂಬಿಬಿಎಸ್ ನಂತರದ ಸ್ಪೆಷಾಲಿಟಿ ತರಬೇತಿಯ, ಅರ್ಜಿಯಲ್ಲಿ ಲೆಕ್ಕಕ್ಕೆ ಬರಬೇಕಾದರೆ ಅಲ್ಲಿ ನಿಮಗೊಂದು ಹೊಣೆ ಇರಬೇಕು, ಅದು ತಿಂಗಳುಗಟ್ಟಲೆ ನಡೆದಿರಬೇಕು, ಅದನ್ನು ಕಂಡ ಹಿರಿಯ ವೈದ್ಯರೊಬ್ಬರು ಅದರ ಬಗ್ಗೆ ಬರೆಯುವಂತಿರಬೇಕು. ಈ ಮೂರೂ ಇಲ್ಲದ್ದು ಎಷ್ಟೇ ಇದ್ದರೂ ಓದುವವರು ಒಂದು ಸಾಲು ನೋಡಿ ಮುಂದೆ ಹೋಗುತ್ತಾರೆ.

ನಮ್ಮ ದೇಶದ ಮಾತು ಚಿಕ್ಕದು, ಅದನ್ನು ಮೊದಲು ಮುಗಿಸುತ್ತೇನೆ. ನೀಟ್ ಪಿಜಿಯಲ್ಲಿ ಸೀಟು ಸಿಗುವುದು ರ‍್ಯಾಂಕಿನ ಮೇಲೆ. ಸರ್ಕಾರಿ ಕಾಲೇಜುಗಳ ಶೇ. 50ರಷ್ಟು ಸೀಟುಗಳನ್ನು ಅಖಿಲ ಭಾರತ ಕೋಟಾದಲ್ಲಿ ಎಂಸಿಸಿ (ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ) ಹಂಚುತ್ತದೆ, ರಾಜ್ಯದ ಪಾಲನ್ನು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಹಂಚುತ್ತದೆ. ಮೊದಲ ವರ್ಷ ಯಾವ ವಾರ್ಡು ಸುತ್ತಿದಿರಿ, ಯಾವ ಕ್ಯಾಂಪಿನಲ್ಲಿ ಬಿ.ಪಿ. ನೋಡಿದಿರಿ ಎಂದು ಕೇಳುವ ಕಾಲಮ್ಮೇ ಅಲ್ಲಿಲ್ಲ. ಎಚ್ಚರ ಬೇಕಾದದ್ದು ಇಂಟರ್ನ್‌ಶಿಪ್ ಮುಗಿಯುವ ದಿನಾಂಕದ ವಿಷಯದಲ್ಲಿ. 2021ರ ನಿಯಮದ ಪ್ರಕಾರ 12 ತಿಂಗಳ ಇಂಟರ್ನ್‌ಶಿಪ್ಪಿನಲ್ಲಿ ರಜೆ 15 ದಿನ. ಅದಕ್ಕಿಂತ ಹೆಚ್ಚು ದಿನ ತಪ್ಪಿಸಿದರೆ ಕೊನೆಯಲ್ಲಿ ಅಷ್ಟು ದಿನ ಕೂಡಿಸಿ ಮಾಡಬೇಕು. ಆ ಕೂಡಿಕೆಯಿಂದ ಕಟ್-ಆಫ್ ದಿನಾಂಕ ದಾಟಿದರೆ ಆ ವರ್ಷದ ಪಿಜಿ ಪ್ರವೇಶವೇ ಕೈತಪ್ಪುತ್ತದೆ. ಅಮೆರಿಕದ ಆಸ್ಪತ್ರೆಯಲ್ಲಿ ನಿಂತು ನೋಡಿ ಕಲಿಯುವ ಅಬ್ಸರ್ವರ್‌ಶಿಪ್ಪಿಗೆಂದು ಇಂಟರ್ನ್‌ಶಿಪ್ ನಡುವೆ ತಿಂಗಳು ರಜೆ ಹಾಕುವವರು ಇದನ್ನು ಮೊದಲೇ ಲೆಕ್ಕ ಹಾಕಬೇಕು, ನೀಟ್ ಪಿಜಿ, ಅಮೆರಿಕದ ಪರೀಕ್ಷೆ ಎರಡನ್ನೂ ಬರೆಯುವ ಮನಸ್ಸಿದ್ದರಂತೂ ಕಡ್ಡಾಯವಾಗಿ.

ಅಮೆರಿಕದ ಲೆಕ್ಕ ಬೇರೆ. ಹೆಚ್ಚಿನ ವಿಭಾಗಗಳಿಗೆ ಅರ್ಜಿ ಹೋಗುವುದು ಈರಾಸ್ ಎಂಬ ವ್ಯವಸ್ಥೆಯ ಮೂಲಕ, ಆಯ್ಕೆ ನಡೆಯುವುದು ಎನ್‌ಆರ್‌ಎಂಪಿಯ ಮ್ಯಾಚ್ ಮೂಲಕ, ಅಂದರೆ ಅಭ್ಯರ್ಥಿಗಳ ಮತ್ತು ಆಸ್ಪತ್ರೆಗಳ ಆಯ್ಕೆಪಟ್ಟಿ ಹೊಂದಿಸುವ ಪದ್ಧತಿಯ ಮೂಲಕ. 2022ರ ಜನವರಿ 26ರಿಂದ ಅಮೆರಿಕದ ವೈದ್ಯ ಪರವಾನಗಿ ಪರೀಕ್ಷೆಯಾದ ಯುಎಸ್‌ಎಂಎಲ್‌ಇ ಸ್ಟೆಪ್ 1ಕ್ಕೆ ಅಂಕವಿಲ್ಲ, ಪಾಸು ಅಥವಾ ಫೇಲು ಅಷ್ಟೇ. ಹೋಲಿಸಿ ನೋಡಲು ಆಯ್ಕೆ ಮಾಡುವವರ ಕೈಯಲ್ಲಿ ಉಳಿದಿರುವ ಅಂಕ ಅದೇ ಪರೀಕ್ಷೆಯ ಮುಂದಿನ ಹಂತವಾದ ಸ್ಟೆಪ್ 2 ಸಿಕೆಯದ್ದು. ಆದ್ದರಿಂದ ಅಂಕ ಸಾಕಷ್ಟಿದೆ ಎಂದು ಖಾತ್ರಿಯಾದ ಮೇಲೆ ಅವರು ಓದುವುದು ಅನುಭವದ ಪುಟ ಮತ್ತು ಶಿಫಾರಸು ಪತ್ರಗಳನ್ನು. 2024ರ ಮ್ಯಾಚಿನಲ್ಲಿ ಅಮೆರಿಕದ ಪ್ರಜೆಗಳಲ್ಲದ ವಿದೇಶಿ ಪದವೀಧರರ ಪೈಕಿ ಶೇ. 58.5 ಮಂದಿಗೆ ಸ್ಥಾನ ಸಿಕ್ಕಿತು. ಹೊರಗುಳಿದವರೆಲ್ಲ ಪರೀಕ್ಷೆಯಲ್ಲಿ ಹಿಂದೆ ಬಿದ್ದವರು ಎಂದು ತಿಳಿಯಬಾರದು.

ಅನುಭವದ ಪುಟ ಹೇಗಿರುತ್ತದೆ ಎಂದು ಮೊದಲ ವರ್ಷದಲ್ಲೇ ಗೊತ್ತಿದ್ದರೆ ಒಳ್ಳೆಯದು. ಒಟ್ಟು 10 ಅನುಭವಗಳಿಗೆ ಮಾತ್ರ ಜಾಗ. ಪ್ರತಿಯೊಂದಕ್ಕೂ ಹುದ್ದೆ, ಸಂಸ್ಥೆ, ಶುರುವಾದ ಮತ್ತು ಮುಗಿದ ತಿಂಗಳು, ಎಷ್ಟು ಸಲ ಭಾಗವಹಿಸಿದಿರಿ, ಊರು ಹಳ್ಳಿಯೋ ಪಟ್ಟಣವೋ, ಇವೆಲ್ಲ ತುಂಬಿ ವಿವರಣೆಯನ್ನು 750 ಅಕ್ಷರಗಳಲ್ಲಿ ಬರೆಯಬೇಕು. ಖಾಲಿ ಜಾಗವೂ ಅಕ್ಷರದ ಲೆಕ್ಕಕ್ಕೇ ಸೇರುತ್ತದೆ, ಹಾಗಾಗಿ ಇಂಗ್ಲಿಷಿನಲ್ಲಿ ಸುಮಾರು 110-120 ಪದ ಹಿಡಿಯಬಹುದು. ಹತ್ತರಲ್ಲಿ ಮೂರನ್ನು ನಿಮಗೆ ಅತಿ ಮುಖ್ಯವಾದವು ಎಂದು ಗುರುತಿಸಬಹುದು. ಅವಕ್ಕೆ ಏಕೆ ಮುಖ್ಯ ಎಂದು ಹೇಳಲು ಇನ್ನೂ 300 ಅಕ್ಷರ ಸಿಗುತ್ತದೆ. ಕ್ಯಾಂಪಿನ ಸರ್ಟಿಫಿಕೇಟು ಗುಡ್ಡೆ ಹಾಕಿದವರು ಸಿಕ್ಕಿಬೀಳುವುದು ಇಲ್ಲೇ. ಅವುಗಳಲ್ಲಿ ಮುಕ್ಕಾಲು ಪಾಲಿನ ಬಗ್ಗೆ ಹೇಳಲು ಇರುವುದು "ಹೋಗಿದ್ದೆ" ಎಂಬುದಷ್ಟೇ.

ಇನ್ನು ಆರಂಭದ ಅನುಭವ ಎಂದರೆ ಏನೇನು? 2019ರ ಹೊಸ ಪಠ್ಯಕ್ರಮ ಬಂದಾಗಿನಿಂದ ಮೊದಲ ವರ್ಷದಲ್ಲೇ ವಿದ್ಯಾರ್ಥಿಗಳನ್ನು ರೋಗಿಗಳ ಹತ್ತಿರ ಕರೆದೊಯ್ಯುತ್ತಾರೆ. ಅನಾಟಮಿ, ಫಿಸಿಯಾಲಜಿ ಓದುತ್ತಿರುವಾಗಲೇ ಒಪಿಡಿ, ಡಯಾಲಿಸಿಸ್ ಘಟಕ, ಪ್ರಾಥಮಿಕ ಆರೋಗ್ಯ ಕೇಂದ್ರ ತೋರಿಸುತ್ತಾರೆ. ಇದು ಎಲ್ಲರಿಗೂ ಇರುವ ಪಾಠ. ಇದನ್ನು ಪ್ರತ್ಯೇಕ ಅನುಭವವೆಂದು ಹಾಕಿದರೆ ಶಾಲೆಗೆ ಹೋಗಿದ್ದೆ ಎಂದು ಬರೆದಂತೆ. ಪಿಯುಸಿ ಮುಗಿಸಿ ರಜೆಯಲ್ಲಿ ಯಾರದೋ ಆಸ್ಪತ್ರೆಯಲ್ಲಿ ಹಿಂದೆ ಹಿಂದೆ ತಿರುಗಿದ್ದು ಬಿಟ್ಟುಬಿಡಿ. ಎರಡನೇ ವರ್ಷದಿಂದ ಶುರುವಾಗುವ ಕ್ಲಿನಿಕಲ್ ಪೋಸ್ಟಿಂಗೂ ಕಡ್ಡಾಯದ್ದೇ. ಆದರೆ ಪೋಸ್ಟಿಂಗಿನ ಮೇಲೆ ನೀವಾಗಿ ಕಟ್ಟಿಕೊಂಡ ಕೆಲಸ ಏನಿದೆಯೋ ಅದು ಬೇರೆ. ಅದಕ್ಕೇ ತೂಕ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಹಾವೇರಿ, ಗದಗ ಕಡೆ ಬಿತ್ತನೆ ಮತ್ತು ಕಳೆ ತೆಗೆಯುವ ಕಾಲದಲ್ಲಿ ಕ್ಯಾಷುಯಲ್ಟಿಗೆ (ತುರ್ತು ಚಿಕಿತ್ಸಾ ವಿಭಾಗಕ್ಕೆ) ಹಾವು ಕಚ್ಚಿದವರು ಬರುತ್ತಾರೆ. ವಿದ್ಯಾರ್ಥಿ ಬರೆದುಕೊಂಡದ್ದು ಹೀಗಿದ್ದರೆ: "ಗ್ರಾಮೀಣ ರೋಗಿಗಳಲ್ಲಿ ಹಾವು ಕಡಿತದ ಅನೇಕ ಪ್ರಕರಣ ನೋಡಿದೆ, ಸಹಾನುಭೂತಿಯ ಮಹತ್ವ ಕಲಿತೆ." ಇದರಿಂದ ಓದುವವರಿಗೆ ಏನೂ ತಿಳಿಯುವುದಿಲ್ಲ. ಅದೇ ಕ್ಯಾಷುಯಲ್ಟಿಯಲ್ಲಿ ಆಗುವ ಕೆಲಸವೊಂದಿದೆ: ಇಪ್ಪತ್ತು ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆ. ರೋಗಿಯ ರಕ್ತನಾಳದಿಂದ 2 ಮಿ.ಲೀ. ರಕ್ತ ತೆಗೆದು ಹೊಸ, ಒಣಗಿದ ಗಾಜಿನ ಟ್ಯೂಬಿಗೆ ಹಾಕಿ 20 ನಿಮಿಷ ಅಲುಗಾಡಿಸದೆ ಇಡಬೇಕು, ಆಮೇಲೆ ಒಮ್ಮೆ ವಾಲಿಸಿ ನೋಡಬೇಕು. ರಕ್ತ ನೀರಿನಂತೆ ಹರಿದರೆ ಕೊಳಕುಮಂಡಲದಂಥ ಹಾವಿನ ವಿಷ ಹೆಪ್ಪುಗಟ್ಟುವ ಶಕ್ತಿಯನ್ನು ತಿಂದಿದೆ ಎಂದರ್ಥ, ವಿಷನಿರೋಧಕ ಕೊಡಬೇಕು. ಪರೀಕ್ಷೆ ಸುಲಭ, ಕೆಡುವುದೂ ಸುಲಭ. ಟ್ಯೂಬು ಸೋಪಿನ ಪುಡಿಯಲ್ಲಿ ತೊಳೆದದ್ದಾಗಿದ್ದರೆ ಅಥವಾ ಪ್ಲಾಸ್ಟಿಕ್ಕಿನದಾಗಿದ್ದರೆ ವಿಷವಿಲ್ಲದವರ ರಕ್ತವೂ ಹೆಪ್ಪುಗಟ್ಟದೆ ಉಳಿಯಬಹುದು. ಗಡಿಬಿಡಿಯಲ್ಲಿ ಹತ್ತೇ ನಿಮಿಷಕ್ಕೆ ಟ್ಯೂಬು ಎತ್ತಿ ನೋಡುವುದೂ ಉಂಟು.

ಈಗ ಎರಡನೇ ವರ್ಷದ ವಿದ್ಯಾರ್ಥಿನಿಯೊಬ್ಬಳು ಮೆಡಿಸಿನ್ ಯುನಿಟ್ಟಿನ ಸಹಾಯಕ ಪ್ರಾಧ್ಯಾಪಕರನ್ನು ಕೇಳಿ, ವಾರಕ್ಕೊಂದು ಸಂಜೆ ಕ್ಯಾಷುಯಲ್ಟಿಯಲ್ಲಿ ನಿಂತು ಒಂದು ಹಾಳೆ ಇಟ್ಟಳು ಎಂದುಕೊಳ್ಳಿ. ಟ್ಯೂಬು ಇಟ್ಟ ಸಮಯ, ನೋಡಿದ ಸಮಯ, ಟ್ಯೂಬು ಹೊಸದೋ ತೊಳೆದದ್ದೋ, ವಿಷನಿರೋಧಕ ಶುರುವಾದ ಸಮಯ, ಆರು ಗಂಟೆಯ ಮೇಲೆ ಮರುಪರೀಕ್ಷೆ ಆಯಿತೋ ಇಲ್ಲವೋ. ಕೆಲವು ತಿಂಗಳ ಮೇಲೆ ಹಾಳೆ ತೋರಿಸಿ, ಹೊಸ ಟ್ಯೂಬುಗಳ ಒಂದು ಡಬ್ಬಿ ಬೇರೆಯೇ ಇಡೋಣವೆಂದು ಸಿಸ್ಟರ್‌ಗಳಿಗೂ ಯುನಿಟ್ಟಿಗೂ ಹೇಳಿ ಮಾಡಿಸಿದಳು. ಅವಳು ಸೂಜಿ ಮುಟ್ಟಲಿಲ್ಲ, ಔಷಧ ಕೊಡಲಿಲ್ಲ. ಆದರೂ ಇದು 750 ಅಕ್ಷರ ತುಂಬುವ ಅನುಭವ: ಕೊರತೆ ಕಂಡದ್ದು, ಅಳೆದದ್ದು, ಹಿರಿಯರ ಒಪ್ಪಿಗೆಯಲ್ಲಿ ಬದಲಿಸಿದ್ದು, ಬದಲಾವಣೆ ಉಳಿಯಿತೇ ಎಂದು ನೋಡಿದ್ದು. ಅಮೆರಿಕದ ಕಾರ್ಯಕ್ರಮಗಳು, ಅಂದರೆ ರೆಸಿಡೆನ್ಸಿ ತರಬೇತಿ ಕೊಡುವ ಆಸ್ಪತ್ರೆಯ ವಿಭಾಗಗಳು, ರೆಸಿಡೆಂಟರಿಂದ ಗುಣಮಟ್ಟ ಸುಧಾರಣೆಯ ಇಂಥ ಕೆಲಸವನ್ನೇ ಬಯಸುತ್ತವೆ. ಹಾಳೆಯಲ್ಲಿನ ಅಂಕಿಗಳನ್ನು ಲೇಖನವಾಗಿ ಪ್ರಕಟಿಸುವ ಆಸೆಯಿದ್ದರೆ ಕಾಲೇಜಿನ ಎಥಿಕ್ಸ್ ಕಮಿಟಿಯ ಅನುಮತಿಯನ್ನು ಕೆಲಸ ಶುರುವಾಗುವ ಮುಂಚೆಯೇ ತೆಗೆದುಕೊಳ್ಳಬೇಕು. ಆಮೇಲೆ ಕೇಳಿದರೆ ಕೊಡುವುದಿಲ್ಲ, ಕೊಡಲೂಬಾರದು.

ನಮ್ಮ ವಿದ್ಯಾರ್ಥಿಗಳು ಕೈಯಲ್ಲಿದ್ದೂ ಬಳಸದ ಇನ್ನೊಂದು ಸಂಗತಿ 2022ರಿಂದ ನಡೆಯುತ್ತಿರುವ ಕುಟುಂಬ ದತ್ತು ಕಾರ್ಯಕ್ರಮ. ಪ್ರತಿ ವಿದ್ಯಾರ್ಥಿಗೂ ಒಂದು ಹಳ್ಳಿಯ ಕೆಲವು ಮನೆಗಳನ್ನು ಕೊಡುತ್ತಾರೆ, ಮೊದಲ ವರ್ಷದಿಂದ ಅದೇ ಮನೆಗಳಿಗೆ ಹೋಗುತ್ತಿರಬೇಕು. ವರ್ಷಗಟ್ಟಲೆ ಅದೇ ಕುಟುಂಬವನ್ನು ನೋಡುವ ಅವಕಾಶ ಯಾವ ಅಬ್ಸರ್ವರ್‌ಶಿಪ್ಪೂ ಕೊಡಲಾರದು. ಆದರೂ ಹೆಚ್ಚಿನವರ ಲಾಗ್‌ಬುಕ್ ಸಹಿ ಮಾಡಿಸುವ ಹಿಂದಿನ ರಾತ್ರಿ ಒಂದೇ ಪೆನ್ನಿನಲ್ಲಿ ತುಂಬಿರುತ್ತದೆ.

ಅದನ್ನು ಸರಿಯಾಗಿ ಮಾಡುವುದು ಕಷ್ಟವಲ್ಲ. ಮೊದಲ ಭೇಟಿಯಲ್ಲೇ ಮನೆಯ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಟ್ಟು, ಹೆಸರು ಬರೆಯದೆ ಬಿ.ಪಿ., ತೂಕ, ಹಿಮೋಗ್ಲೋಬಿನ್ ದಿನಾಂಕದೊಡನೆ ಬರೆಯಿರಿ. ಒಂದು ಸಮಸ್ಯೆ ಹಿಡಿದು ಅದನ್ನೇ ಹಿಂಬಾಲಿಸಿ. ರಕ್ತಹೀನತೆ ನಮ್ಮ ಹಳ್ಳಿಗಳಲ್ಲಿ ಎಲ್ಲೆಲ್ಲೂ ಇದೆ. ಆಶಾ ಕಾರ್ಯಕರ್ತೆ ಕಬ್ಬಿಣಾಂಶದ ಗುಳಿಗಿ ಕೊಟ್ಟಿರುತ್ತಾರೆ, ಪಟ್ಟಿ ಹಾಗೇ ಗೂಡಿನಲ್ಲಿ ಇರುತ್ತದೆ. ಕೇಳಿದರೆ, "ಹೊಟ್ಟಿ ತೊಳಸತೈತ್ರೀ ಅಕ್ಕಾರ", "ಸಂಡಾಸ ಕರ‍್ರಗ ಆಗತೈತ್ರೀ" ಎನ್ನುತ್ತಾರೆ. ಊಟದ ಬೆನ್ನಿಗೇ ಚಹಾ ಕುಡಿಯುವ ರೂಢಿಯೂ ಇರುತ್ತದೆ, ಚಹಾ ಕಬ್ಬಿಣಾಂಶ ರಕ್ತಕ್ಕೆ ಸೇರುವುದನ್ನು ತಡೆಯುತ್ತದೆ. ರೊಟ್ಟಿ ಉಂಡ ಮೇಲೆ ಗುಳಿಗಿ, ಚಹಾ ಒಂದೆರಡು ತಾಸು ಬಿಟ್ಟು, ಮಲ ಕಪ್ಪಾಗುವುದು ರೋಗವಲ್ಲ ಎಂದು ಹೇಳಿ, ಮೂರು ತಿಂಗಳ ಮೇಲೆ ಮತ್ತೆ ಹಿಮೋಗ್ಲೋಬಿನ್ ನೋಡಿ. ಏರಿದರೂ ಏರದಿದ್ದರೂ ಬರೆಯಿರಿ. ಏರದ್ದಕ್ಕೆ ಕಾರಣ ಹುಡುಕಿದ ವಿದ್ಯಾರ್ಥಿಯ ಮಾತು ಸಂದರ್ಶನದಲ್ಲಿ ಹೆಚ್ಚು ಗಟ್ಟಿಯಾಗಿರುತ್ತದೆ. ಈರಾಸ್ ಅರ್ಜಿಯಲ್ಲಿ ಯಾವ ಭೌಗೋಳಿಕ ಭಾಗ ಬೇಕು, ಹಳ್ಳಿಯ ಕಡೆ ಕೆಲಸ ಮಾಡುವ ಮನಸ್ಸಿದೆಯೇ ಎಂದು ಹೇಳುವ ಜಾಗವೂ ಇದೆ. ಗ್ರಾಮೀಣ ಪ್ರದೇಶ ಬೇಕು ಎಂದು ಅಲ್ಲಿ ಬರೆದವರ ಅನುಭವದ ಪುಟದಲ್ಲಿ ಹಳ್ಳಿಯೇ ಇಲ್ಲದಿದ್ದರೆ ಆ ಮಾತನ್ನು ಯಾರೂ ನಂಬುವುದಿಲ್ಲ. ಫ್ಯಾಮಿಲಿ ಮೆಡಿಸಿನ್, ಇಂಟರ್ನಲ್ ಮೆಡಿಸಿನ್, ಪೀಡಿಯಾಟ್ರಿಕ್ಸ್‌ಗೆ ಇಂಥ ಕೆಲಸ ನೇರವಾಗಿ ಸಲ್ಲುತ್ತದೆ ಎಂದು ನನ್ನ ಅಭಿಪ್ರಾಯ. ಸೈಕಿಯಾಟ್ರಿ ಬೇಕೆನ್ನುವವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಕೂಗಳತೆಯಲ್ಲೇ ಇದೆ. ಅಲ್ಲಿ ಅನುಮತಿ ಪಡೆದು ಎರಡನೇ ವರ್ಷದಿಂದ ಒಂದೇ ಕೆಲಸಕ್ಕೆ ಹೋಗಿಬರುತ್ತಿದ್ದವರ ಆಸಕ್ತಿಯನ್ನು ಕೊನೆ ವರ್ಷದಲ್ಲಿ ಹುಟ್ಟಿದ ಆಸಕ್ತಿ ಎಂದು ಯಾರೂ ಅನುಮಾನಿಸಲಾರರು.

ಬರೆಯುವಾಗ ರೋಗಿಯ ಗುರುತು ಬಿಟ್ಟುಕೊಡಬೇಡಿ. ಹೆಸರು ಬರೆಯದಿದ್ದರೆ ಸಾಕು ಎಂದುಕೊಳ್ಳುತ್ತಾರೆ. ಸಣ್ಣ ಊರಿನ ಹೆಸರು, ವಯಸ್ಸು, ಅಪರೂಪದ ಕಾಯಿಲೆ ಮೂರೂ ಒಂದೇ ವಾಕ್ಯದಲ್ಲಿ ಬಂದರೆ ಆ ಊರಿನವರಿಗೆಲ್ಲ ಗುರುತು ಸಿಕ್ಕಂತೆಯೇ. ಕ್ಯಾಂಪಿನಲ್ಲಿ ರೋಗಿಗಳ ಜೊತೆ ತೆಗೆದ ಫೋಟೊ ಇನ್‌ಸ್ಟಾಗ್ರಾಮಿನಲ್ಲಿದ್ದರೆ ಇಂದೇ ತೆಗೆದುಹಾಕಿ.

ಇದಕ್ಕಿಂತ ದೊಡ್ಡ ತಪ್ಪು, ಮಾಡಬಾರದ್ದನ್ನು ಮಾಡಿದ್ದೇನೆಂದು ಬರೆಯುವುದು. ನಮ್ಮಲ್ಲಿ ಗದ್ದಲದ ಕ್ಯಾಷುಯಲ್ಟಿಯಲ್ಲಿ ಮೂರನೇ ವರ್ಷದವರ ಕೈಗೂ ಹೊಲಿಗೆ ಹಾಕಲು ಕೊಡುವುದುಂಟು, ವಿದ್ಯಾರ್ಥಿಗಳು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ರಾಜ್ಯ ವೈದ್ಯಕೀಯ ಪರಿಷತ್ತಿನ ತಾತ್ಕಾಲಿಕ ನೋಂದಣಿ ಸಿಗುವುದು ಇಂಟರ್ನ್‌ಶಿಪ್ಪಿಗೆ. ಅದಕ್ಕೂ ಮುಂಚೆ ಒಬ್ಬರೇ ಚಿಕಿತ್ಸೆ ಕೊಟ್ಟೆ ಎಂಬ ವಾಕ್ಯವನ್ನು ಅಮೆರಿಕದ ಕಾರ್ಯಕ್ರಮ ನಿರ್ದೇಶಕರು ಕೌಶಲವೆಂದು ಓದುವುದಿಲ್ಲ, ತನ್ನ ಮಿತಿ ಅರಿಯದವರು ಎಂದು ಓದುತ್ತಾರೆ. ಯಾರ ಮೇಲ್ವಿಚಾರಣೆಯಲ್ಲಿ, ಯಾವ ಹಂತದವರೆಗೆ ಎಂದು ಬಿಡಿಸಿ ಬರೆಯಿರಿ. "ನೋಡಿದೆ", "ಸಹಾಯ ಮಾಡಿದೆ", "ಮೇಲ್ವಿಚಾರಣೆಯಲ್ಲಿ ಮಾಡಿದೆ" ಇವು ಮೂರು ಬೇರೆ ಬೇರೆ ಸಂಗತಿ, ಅರ್ಜಿಯಲ್ಲೂ ಬೇರೆಯಾಗಿಯೇ ಇರಬೇಕು.

ತಂದೆ-ತಾಯಿ ವೈದ್ಯರಾಗಿದ್ದು ಮನೆಯದೇ ನರ್ಸಿಂಗ್ ಹೋಮ್ ಇದ್ದವರಿಗೆ ಒಂದು ಮಾತು. ಅಲ್ಲಿ ಕಲಿತದ್ದು ನಿಜವಾದ ಕಲಿಕೆಯೇ, ಆದರೆ ಅದಕ್ಕೆ ಸಾಕ್ಷಿಯಾಗುವವರು ಸಂಬಂಧಿಕರು. ಅಪ್ಪನ ಅಥವಾ ಕಾಕಾನ ಪತ್ರ ಬೇಡ, ಅವರ ಗೆಳೆಯರಿಂದ ಬರೆಸಿದ ಪತ್ರವೂ ಬೇಡ.

ಇನ್ನು ಆರಂಭದ ಅನುಭವ ಎಷ್ಟೇ ಗಟ್ಟಿಯಿದ್ದರೂ ತುಂಬಲಾರದ ಜಾಗವಿದೆ: ಅಮೆರಿಕದ ಆಸ್ಪತ್ರೆಯಲ್ಲಿನ ಇತ್ತೀಚಿನ ಅನುಭವ. ಅನೇಕ ಕಾರ್ಯಕ್ರಮಗಳು ವಿದೇಶಿ ಪದವೀಧರರಿಂದ ಅದನ್ನು ಕೇಳುತ್ತವೆ, ಪದವಿ ಮುಗಿದು ಬಹಳ ವರ್ಷವಾದವರನ್ನು ಬದಿಗಿಡುತ್ತವೆ. ಅದರಲ್ಲೂ ಎರಡು ಬಗೆ. ವಿದ್ಯಾರ್ಥಿಯಾಗಿರುವಾಗ ತಾವೇ ಆರಿಸಿಕೊಂಡು ಮಾಡುವ ಇಲೆಕ್ಟಿವ್‌ನಲ್ಲಿ ಮೇಲ್ವಿಚಾರಣೆಯಲ್ಲಿ ರೋಗಿಯನ್ನು ಪರೀಕ್ಷಿಸಬಹುದು, ಟಿಪ್ಪಣಿ ಬರೆಯಬಹುದು, ರೌಂಡ್ಸ್‌ನಲ್ಲಿ ಹೇಳಬಹುದು. ಪದವಿಯಾದ ಮೇಲೆ ಸಿಗುವ ಅಬ್ಸರ್ವರ್‌ಶಿಪ್ಪಿನಲ್ಲಿ ಮುಟ್ಟುವ ಹಾಗಿಲ್ಲ. ಮೊದಲನೆಯದರ ಬಾಗಿಲು ಪದವಿಯೊಂದಿಗೆ ಮುಚ್ಚುತ್ತದೆ. ನಮ್ಮಲ್ಲಿ ಮೂರನೇ ಎಂಬಿಬಿಎಸ್ ಮೊದಲ ಭಾಗದ ಪರೀಕ್ಷೆಯ ನಂತರ ಇಲೆಕ್ಟಿವ್ ಅವಧಿ ಇದೆ. ಇಂಟರ್ನ್‌ಶಿಪ್ಪಿನವರನ್ನು ವಿದ್ಯಾರ್ಥಿಗಳೆಂದು ಒಪ್ಪುವ ಅಮೆರಿಕದ ಮೆಡಿಕಲ್ ಶಾಲೆಗಳೂ ಇವೆ, ಒಪ್ಪದವೂ ಇವೆ. ವಿಎಸ್‌ಎಲ್‌ಓ ಎಂಬ ಇಲೆಕ್ಟಿವ್ ಅರ್ಜಿಯ ವ್ಯವಸ್ಥೆಯ ಮೂಲಕ ಹಾಕಬೇಕಾದರೆ ನಿಮ್ಮ ಕಾಲೇಜು ಅದರ ಸದಸ್ಯನಾಗಿರಬೇಕು. ಇಲ್ಲದಿದ್ದರೆ ನೇರ ಅರ್ಜಿ ತೆಗೆದುಕೊಳ್ಳುವ ಶಾಲೆಗಳನ್ನೇ ಹುಡುಕಬೇಕು. ಆದ್ದರಿಂದ ಎರಡನೇ ವರ್ಷದಲ್ಲೇ ಕಾಲೇಜಿನ ಅಕಾಡೆಮಿಕ್ ವಿಭಾಗದಲ್ಲಿ ಇದನ್ನು ವಿಚಾರಿಸಿ. ದುಡ್ಡು ತೆಗೆದುಕೊಂಡು ಅಬ್ಸರ್ವರ್‌ಶಿಪ್ ಕೊಡಿಸುವ ಮಧ್ಯವರ್ತಿಗಳ ಹತ್ತಿರ ಹೋಗುವ ಮುಂಚೆ ಅಲ್ಲಿನ ವೈದ್ಯರು ಬೋಧನಾ ಆಸ್ಪತ್ರೆಯವರೋ, ರೆಸಿಡೆಂಟರೊಂದಿಗೆ ಕೆಲಸ ಮಾಡುವವರೋ ಎಂದು ಕೇಳಿ. ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ತಿಂಗಳು ಕುರ್ಚಿಯ ಮೇಲೆ ಕೂತು ಬಂದದ್ದಕ್ಕೆ ಅಷ್ಟೇ ಬೆಲೆ.

ಬ್ರಿಟನ್ನಿನ ಸ್ಪೆಷಾಲಿಟಿ ತರಬೇತಿಗೆ ಹಾಕುವವರಿಗೂ ಇತ್ತೀಚಿನದೇ ಮುಖ್ಯ. ಫೌಂಡೇಶನ್ ಎಂಬ ಅಲ್ಲಿನ ಆರಂಭಿಕ ತರಬೇತಿ ಮಾಡದವರು, ತಾವು ಸ್ಪೆಷಾಲಿಟಿ ತರಬೇತಿಗೆ ಸಿದ್ಧ ಎಂದು ತೋರಿಸಲು ಕೊಡಬೇಕಾದ ಕ್ರೆಸ್ಟ್ ಪ್ರಮಾಣಪತ್ರಕ್ಕೆ ಸಹಿ ಹಾಕುವ ಕನ್ಸಲ್ಟೆಂಟ್ ಕೈಕೆಳಗೆ ಕನಿಷ್ಠ ಮೂರು ತಿಂಗಳು ಸತತವಾಗಿ ಕೆಲಸ ಮಾಡಿರಬೇಕು, ಅದೂ ಹುದ್ದೆ ಶುರುವಾಗುವ ದಿನಕ್ಕೆ ಮೂರೂವರೆ ವರ್ಷದ ಒಳಗೆ. ಮೊದಲ ವರ್ಷದ ಅನುಭವ ಅಲ್ಲಿ ಹತ್ತಿರವೂ ಸುಳಿಯುವುದಿಲ್ಲ.

ಕರ್ನಾಟಕದವರಿಗೆ ಸರ್ಕಾರದ ಗ್ರಾಮೀಣ ಸೇವೆಯ ವರ್ಷವೂ ಬರಬಹುದು. ಅದನ್ನು ಕಳೆದುಹೋದ ವರ್ಷವೆಂದು ಅರ್ಜಿಯಲ್ಲಿ ಮುಚ್ಚಿಡುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ ಎಂದರೆ ಪೂರ್ಣ ಹೊಣೆಯ ಕೆಲಸ. ದಿನದ ಒಪಿಡಿ ಎಷ್ಟು, ಎಷ್ಟು ಉಪಕೇಂದ್ರ, ಹೆರಿಗೆಗಳು, ಕ್ಷಯದ ಚಿಕಿತ್ಸೆಯನ್ನು ಪೂರ್ತಿ ಮುಗಿಸಿದವರೆಷ್ಟು, ಮೇಲಿನ ಆಸ್ಪತ್ರೆಗೆ ಯಾವಾಗ ಕಳಿಸುತ್ತಿದ್ದಿರಿ, ಆಂಬುಲೆನ್ಸ್ ಬರಲು ಎಷ್ಟು ಹೊತ್ತು, ಇವನ್ನು ಬರೆಯಿರಿ. ಅದೇ ಹಳ್ಳಿ ನೀವು ವಿದ್ಯಾರ್ಥಿಯಾಗಿ ಹೋಗುತ್ತಿದ್ದ ಪ್ರದೇಶದ್ದೇ ಆಗಿದ್ದರೆ ಎರಡನ್ನೂ ಜೋಡಿಸಿ ಹೇಳಿ. ಆರಂಭದ ಅನುಭವಕ್ಕೆ ಬೆಲೆ ಏರುವುದು ಹೀಗೆ ಮುಂದಿನದಕ್ಕೆ ಕೊಂಡಿಯಾದಾಗಲೇ.

ಶಿಫಾರಸು ಪತ್ರದ ಮಾತು. ಒಂದು ಕಾರ್ಯಕ್ರಮಕ್ಕೆ ಹೆಚ್ಚೆಂದರೆ ನಾಲ್ಕು ಪತ್ರ. ಅವುಗಳಲ್ಲಿ ಹೆಚ್ಚಿನವು ನೀವು ಹಾಕುವ ವಿಭಾಗದ್ದು, ಇತ್ತೀಚಿನದು, ಸಾಧ್ಯವಾದರೆ ಅಮೆರಿಕದ್ದು ಆಗಿರಬೇಕು. ಉಳಿದ ಒಂದಕ್ಕೆ ಊರಿನವರನ್ನು ಕೇಳಬಹುದು. ಅಲ್ಲಿ ಎಚ್‌ಓಡಿ (ವಿಭಾಗದ ಮುಖ್ಯಸ್ಥ) ಎಂಬ ಹುದ್ದೆಗಿಂತ ನಿಮ್ಮನ್ನು ಎರಡನೇ ವರ್ಷದಿಂದ ಇಂಟರ್ನ್‌ಶಿಪ್‌ವರೆಗೆ ಕಂಡ ಯುನಿಟ್ಟಿನ ವೈದ್ಯರು ವಾಸಿ. "ಶ್ರದ್ಧಾವಂತ, ಶಿಸ್ತಿನ ವಿದ್ಯಾರ್ಥಿ, ಮುಂದಿನ ಭವಿಷ್ಯಕ್ಕೆ ಶುಭವಾಗಲಿ" ಎಂಬ ಪತ್ರ ನಮ್ಮ ಕಡೆ ಎಲ್ಲರಿಗೂ ಸಿಗುತ್ತದೆ, ಅದರಿಂದ ಉಪಯೋಗವಿಲ್ಲ. ಕೇಳಲು ಹೋಗುವಾಗ ನಿಮ್ಮ ಕೆಲಸದ ದಿನಾಂಕಗಳು, ಅವರೆದುರು ನಡೆದ ಎರಡು-ಮೂರು ಸಂದರ್ಭ ಒಂದು ಪುಟದಲ್ಲಿ ಬರೆದುಕೊಂಡು ಹೋಗಿ, ಪತ್ರವನ್ನು ಮಾತ್ರ ಅವರೇ ಬರೆಯಲಿ. ಈರಾಸ್‌ನಲ್ಲಿ ನೀವು ಕೋರಿಕೆ ಹಾಕಿದಾಗ ಒಂದು ಲೆಟರ್ ಐಡಿ ಸಿಗುತ್ತದೆ, ಬರೆದವರೇ ಪೋರ್ಟಲ್ಲಿಗೆ ಹೋಗಿ ಅದನ್ನು ಹಾಕಿ ಪತ್ರ ಏರಿಸಬೇಕು. ಲೆಟರ್‌ಹೆಡ್ ಮೇಲೆ ಸಹಿ ಮಾಡಿ, "ತಗೋಪಾ, ನೀನ ಹಾಕ್ಕೋ" ಎಂದು ಕೈಗೆ ಕೊಟ್ಟರೆ ನಡೆಯುವುದಿಲ್ಲ. ಪತ್ರ ನೋಡುವ ಹಕ್ಕು ಬಿಟ್ಟುಕೊಡುತ್ತೀರಾ ಎಂಬ ಪ್ರಶ್ನೆಗೆ ಹೌದು ಎನ್ನಿ. ಇಲ್ಲವೆಂದರೆ ಪತ್ರದ ಮೇಲಿನ ನಂಬಿಕೆ ಕುಸಿಯುತ್ತದೆ.

ಕೊನೆಗೆ ಕಾಗದಪತ್ರ. ಅರ್ಜಿಯಲ್ಲಿನ ತಿಂಗಳುಗಳು ಟ್ರಾನ್ಸ್‌ಕ್ರಿಪ್ಟ್, ಡೀನ್ ಪತ್ರ (ಕಾಲೇಜು ನಿಮ್ಮ ಓದಿನ ಬಗ್ಗೆ ಕೊಡುವ ಪತ್ರ), ಇಂಟರ್ನ್‌ಶಿಪ್ ಪ್ರಮಾಣಪತ್ರ ಇವುಗಳಿಗೆ ಹೊಂದಬೇಕು. ಪರೀಕ್ಷೆಯ ತಿಂಗಳಲ್ಲಿ ವಾರಕ್ಕೆ 20 ತಾಸು ಸೇವೆ ಎಂದು ಬರೆದರೆ ಯಾರಿಗಾದರೂ ಅನುಮಾನ ಬರುತ್ತದೆ. ಡೀನ್ ಪತ್ರಕ್ಕೆ ಬೇಕಾದ ನಮೂನೆ ನಮ್ಮ ಅನೇಕ ಕಾಲೇಜುಗಳ ಕಚೇರಿಯಲ್ಲಿ ಸಿದ್ಧವಿರುವುದಿಲ್ಲ, ಪೋಸ್ಟಿಂಗುಗಳ ನಿಖರ ವಿವರ ನೀವೇ ಒದಗಿಸಬೇಕಾಗುತ್ತದೆ. ಅದಕ್ಕೇ ಲಾಗ್‌ಬುಕ್ ಒಪ್ಪಿಸುವ ಮುಂಚೆ ಪ್ರತಿ ಪುಟದ ಸ್ಕ್ಯಾನ್ ಇಟ್ಟುಕೊಳ್ಳಿ. ಒಪ್ಪಿಸಿದ ಪುಸ್ತಕ ಮರಳಿ ಸಿಗುವುದು ಕಷ್ಟ. ಈರಾಸ್ ಜೂನ್‌ನಲ್ಲಿ ತೆರೆಯುತ್ತದೆ, ಸೆಪ್ಟೆಂಬರ್ ಆರಂಭದಿಂದ ಅರ್ಜಿ ಸಲ್ಲಿಸಬಹುದು, ತಿಂಗಳ ಕೊನೆಯ ವಾರದಲ್ಲಿ ಕಾರ್ಯಕ್ರಮಗಳು ನೋಡಲು ಶುರು ಮಾಡುತ್ತವೆ, ಫಲಿತಾಂಶ ಮಾರ್ಚ್ ಮೂರನೇ ಶುಕ್ರವಾರ. ನಮ್ಮಲ್ಲಿ ಗಣೇಶ ಚವತಿಯ ರಜೆಗಳು ಬರುವುದೂ ಆಗಸ್ಟ್-ಸೆಪ್ಟೆಂಬರ್‌ನಲ್ಲೇ. ಕಚೇರಿಯಲ್ಲಿ ಸಹಿ ಆಗಬೇಕಾದದ್ದೇನಿದ್ದರೂ ಜುಲೈ ಮುಗಿಯುವುದರೊಳಗೆ ಮಾಡಿಸಿಕೊಳ್ಳಿ.